ಸೆರಗಿಲ್ಲದ ಸೀರೆ

ನಮ್ಮ ಪಕ್ಕದ ಮನೆಯ ಮಾರುತೇಶ ಕೂತಲ್ಲಿ ಕೂರುವವನಲ್ಲ. ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟಾಗ ಮಾತ್ರ ಆಸಾಮಿ ತಣ್ಣಗಿರುತ್ತಿದ್ದ. ಈ ಮದುವೆ ಸೀಸನ್ನಿನಲ್ಲಿ ಅದೂ ಹೋಯಿತು.

ಮಗಳು ಕಾವ್ಯಳ ಧಾರೆ ಸೀರೆ ಮಗ್ಗದ ಮೇಲಿತ್ತು. ಒಡಲು ಮುಗಿದು ಸೆರಗು ಬಾಕಿ. ಆ ಮನೆಯ ಹೆಣ್ಣುಮಕ್ಕಳು ಧಾರೆಗೆ ಉಡುವುದು ಮಾರುತೇಶನ ಅಪ್ಪ ಬಿಡಿಸಿದ ಜೋಡಿ ಗಿಳಿಯ ಸೆರಗನ್ನೇ. ಹಿಂದೆ ಆ ಗಿಳಿಗಳು ತೂತು ಹೊಡೆದ ರಟ್ಟುಗಳಲ್ಲಿದ್ದವು. ರಟ್ಟಿನ ಮಾಲೆ ಮಗ್ಗದ ಮೇಲೆ ತಿರುಗಿದಂತೆ ಕೆಳಗೆ ಚಿತ್ತಾರ ಮೂಡುತ್ತಿತ್ತು. ಮಾರುತೇಶ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದ. ರಟ್ಟು? ಯುಗಾದಿಯ ಎಣ್ಣೆನೀರಿಗೆಂದು ಹಂಡೆ ಒಲೆಗೆ ತುಂಬಿದ! ನೀರು ಚೆನ್ನಾಗಿಯೇ ಕಾದಿತ್ತು ಬಿಡಿ.

ಈಗ ಸೆರಗಿನ ಫೈಲು ತೆಗೆಯಲು ಹೋದರೆ ತೆರೆಯುವುದೇ ಇಲ್ಲ. ಸಾಫ್ಟ್‌ವೇರ್ ಹೊಸದಾಗಿತ್ತು.

“ಹಳೇ ಫೈಲು ನಡೆಯಲ್ಲ ಸರ್, ಆ ವರ್ಷನ್ ನಿಲ್ಲಿಸಿದೀವಿ. ಇನ್ಮೇಲೆ ಎಲ್ಲಾ ಕ್ಲೌಡಲ್ಲೇ,” ಎಂದ ಫೋನಿನಲ್ಲಿ ಕಂಪನಿಯವನು.

“ನನ್ನ ಗಿಳಿ?”

“ಹೊಸದಾಗಿ ಬಿಡಿಸ್ಬೇಕು ಸರ್.”

ಮಾರುತೇಶನ ಅವ್ವ ಸೂರಮ್ಮ ಪಕ್ಕದಲ್ಲೇ ಇದ್ದಳು. “ಕ್ಲೌಡು ಅಂದ್ರೇನೋ?”

“ಮೋಡ ಕಣವ್ವಾ.”

“ಏಮಿರಾ! ನಮ್ಮ ಸೀಮೆಯಾಗೆ ಮೋಡ ನಂಬಿ ಯಾರು ಉದ್ಧಾರ ಆದ್ರೋ?”

ನಾವೆಲ್ಲ ನಕ್ಕೆವು. ಅವನು ನಗಲಿಲ್ಲ. ಕಂಪ್ಯೂಟರಿಗೂ ಮಗ್ಗಕ್ಕೂ ಓಡಾಡಿದ. ಬಸ್ಸು ಹತ್ತಿ ಚಳ್ಳಕೆರೆಯ ಕಂಪ್ಯೂಟರ್ ಅಂಗಡಿಗೆಲ್ಲ ಅಲೆದು ಬರಿಗೈಲಿ ಬಂದ. ಹಳೇ ಸೀರೆ ನೋಡಿ ಬಿಡಿಸೋಣವೆಂದರೆ, ಎಳೆ ಎಣಿಸಿ ಮುಗಿಸುವಷ್ಟರಲ್ಲಿ ಮದುವೆಯೇ ಮುಗಿದಿರುತ್ತಿತ್ತು.

“ಬೇರೆ ಸೆರಗು ಹಾಕಪ್ಪಾ, ಗಂಟೇನು ಹೋಗುತ್ತೆ?” ಎಂದೆ.

ಮೈಮೇಲೆ ಬಂದ. “ಸುಮ್ಕಿರಕ್ಕಾ! ಅಪ್ಪನ್ನ ನನ್ನ ಕೈಯಾರೆ ಒಲೆಗೆ ಹಾಕಿದೀನಿ.” ಅಳುತ್ತಿದ್ದ.

ಮದುವೆ ಬಾಗಿಲಿಗೆ ಬಂದಾಗ ಸೂರಮ್ಮ ಟ್ರಂಕು ತೆಗೆದಳು. ಗಂಡ ನೇಯ್ದುಕೊಟ್ಟ ತನ್ನ ಧಾರೆ ಸೀರೆ ಅದರಲ್ಲಿತ್ತು. ತಾನು ಸತ್ತಾಗ ಅದನ್ನೇ ಹೊದಿಸಬೇಕೆಂದು ಬೀದಿಗೆಲ್ಲ ಹೇಳಿಟ್ಟಿದ್ದಳು. ಅದನ್ನು ತಂದು ಮೊಮ್ಮಗಳ ಮಡಿಲಿಗೆ ಹಾಕಿದಳು.

“ಇದನ್ನ ಉಟ್ಕೊಳ್ಳವ್ವಾ.”

“ಮತ್ತೆ ನಿಂಗಜ್ಜೀ?”

“ಮಗ್ಗದ ಮೇಲಿರೋದೈತಲ್ಲ, ನಿಮ್ಮಪ್ಪ ಕೊಯ್ದು ಕೊಡ್ಲಿ. ಹೋಗೋಳಿಗೆ ಸೆರಗ್ಯಾಕೆ?”

ಕಾವ್ಯ ಗಿಳಿಗಳನ್ನು ಹೊದ್ದು ಧಾರೆಗೆ ನಿಂತಳು. ಚೆಂದ ಕಂಡಳು.

ಆ ಅರ್ಧ ಸೀರೆ ಇನ್ನೂ ಮಗ್ಗದ ಮೇಲೇ ಇದೆ. ಮಾರುತೇಶ ಕತ್ತರಿ ಹಿಡಿದು ಹತ್ತಿರ ಹೋಗುತ್ತಾನೆ, ಅಂಗಳಕ್ಕೆ ಬರುತ್ತಾನೆ, ಮತ್ತೆ ಹೋಗುತ್ತಾನೆ. ಒಳಗಿನಿಂದ ಸೂರಮ್ಮ ಕೂಗುತ್ತಾಳೆ:

“ನನ್ನ ಸೀರೆ ಇನ್ನೂ ಕೊಯ್ಲಿಲ್ಲೇನೋ?”

“ಇನ್ನೂ ಐತವ್ವಾ, ಇನ್ನೂ ಐತೆ,” ಎನ್ನುತ್ತಾನೆ.