ಮುನಿಗುಡ್ಡದ ವರದಮ್ಮ ತಿಕ್ಕಿ ತೊಳೆದ ಮುಖ

ಬೆಳಗಿನ ಆರು ಗಂಟೆ. ಉಡುತಡಿಯ ಆಚೆ, ಮುನಿಗುಡ್ಡದ ಕಡಿದಾದ ದಾರಿಯಲ್ಲಿ ವರದಮ್ಮ ಇಪ್ಪತ್ತಾರು ಕುರಿಗಳನ್ನು ಮುಂದೆ ಬಿಟ್ಟುಕೊಂಡು, ನಾಲ್ಕು ವರ್ಷದ ಮೊಮ್ಮಗಳು ಮೇಘನಾಳ ಕೈಹಿಡಿದು ಹತ್ತುತ್ತಿದ್ದಾರೆ. ಸೊಸೆ ಕೆಲಸಕ್ಕೆ ಹೋದ ಮೇಲೆ ಅಂಗನವಾಡಿ ತೆರೆಯುವವರೆಗೆ ಮಗು ಅಜ್ಜಿಯ ಪಾಲು. ಹತ್ತು ಹೆಜ್ಜೆಗೊಮ್ಮೆ ಕೂತುಬಿಡುವ ಇವಳನ್ನು ಹತ್ತಿಸುವುದು ಕುರಿ ಕಾಯುವುದಕ್ಕಿಂತ ದೊಡ್ಡ ಕೆಲಸ. "ಏಳವ್ವಾ, ಮುನಿಯಪ್ಪ ಕಾಯ್ತಾ ಕುಂತಾನ" ಎಂದರೆ ಮಾತ್ರ ಮೇಡಂ ಏಳುವುದು.

ಮುನಿಯಪ್ಪ ಎಂದರೆ ಗುಡ್ಡದ ನೆತ್ತಿಯ ಬಂಡೆಯಲ್ಲಿ ಕೆತ್ತಿರುವ ಬುದ್ಧ. ಒಟ್ಟು ಒಂಬತ್ತು ಮೂರ್ತಿಗಳು. ಎಂಟು ಆಳೆತ್ತರಕ್ಕಿಂತ ಮೇಲೆ, ಒಂದೇ ಒಂದು ಕೆಳಗೆ. ಇಲ್ಲಿ ಬೇಲಿಯಿಲ್ಲ, ಕಾವಲುಗಾರನಿಲ್ಲ. ಇಪ್ಪತ್ತು ವರ್ಷಗಳಿಂದ ಕಸ ಗುಡಿಸುವವರು, ಬಂಡೆಯ ಮೇಲೆ ಹೆಸರು ಗೀಚುವವರನ್ನು ಗದರಿಸಿ ಓಡಿಸುವವರು ಐವತ್ತೆಂಟರ ಈ ವರದಮ್ಮ. ಯಾರೂ ಅವರನ್ನು ನೇಮಿಸಿದ್ದಲ್ಲ.

ಗಂಡ ಮಂಜಪ್ಪ ತೀರಿಕೊಂಡ ವರ್ಷವೇ ಕುರಿಗಳಿಗೆ ರೋಗ ಬಂತು. ಹಿಂಡಿನಲ್ಲಿ ಉಳಿದದ್ದು ಮೂರು. ಅವು ಬದುಕಿದರೆ ಅಮಾವಾಸ್ಯೆಗೊಮ್ಮೆ ಬಂದು ತೊಳೆಯುತ್ತೇನೆಂದು ವರದಮ್ಮ ಮುನಿಯಪ್ಪನಿಗೆ ಹರಕೆ ಹೊತ್ತರು. ಬದುಕಿದವು. ಹದಿನೇಳು ವರ್ಷ ಒಂದು ಅಮಾವಾಸ್ಯೆಯನ್ನೂ ತಪ್ಪಿಸಲಿಲ್ಲ.

"ದೇವರ ಚೆಂಬು ಹೆಂಗ ಬೆಳಗ್ತೀವಿ, ಹಂಗ ಬೆಳಗ್ತಿದ್ದೆ ನೋಡ್ರಿ. ಇಟ್ಟಂಗಿ ಪುಡಿ, ಬೂದಿ, ತೆಂಗಿನ ನಾರು. ಹೊಳೆಯೋದು ಅಂದ್ರೆ ಹೊಳೆಯೋದು!"

ಆದರೆ ಅದು ಬಳಪದಂಥ ಮೆತ್ತನೆಯ ಕಲ್ಲು. ಮೂರು ವರ್ಷದ ಹಿಂದೆ ಸೊರಬದಿಂದ ಇತಿಹಾಸದ ಮೇಷ್ಟ್ರಮ್ಮ ಗಂಗಾಶ್ರೀ ಬಂದರು. ಕೆಳಗಿನ ಮೂರ್ತಿಯನ್ನು ಸವರಿ ನೋಡಿ, "ಇದನ್ನ ಹೀಗೆ ತಿಕ್ಕಿದ್ದು ಯಾರಮ್ಮಾ?" ಎಂದರು. "ನಾನೇ ರೀ" ಎಂದು ವರದಮ್ಮ ಎದೆಯುಬ್ಬಿಸಿ ಹೇಳಿದರು. ಹೊಗಳುತ್ತಾರೆಂದೇ ಅಂದುಕೊಂಡಿದ್ದರು ಪಾಪ. ಗಂಗಾಶ್ರೀ ಬಗ್ಗಿ ಮೂರ್ತಿಯ ಕೆಳಗೆ ಅಳಿದುಳಿದ ಗೆರೆಗಳ ಗುರುತನ್ನು ತೋರಿಸಿದರು. ಅಲ್ಲಿ ಮೂರು ಸಾಲು ಬರಹವಿತ್ತಂತೆ. ಅದನ್ನು ಯಾರೂ ನಕಲು ಮಾಡಿಕೊಂಡಿರಲಿಲ್ಲ. ಮೂಗು, ಬಾಯಿ, ಬರಹ ಎಲ್ಲವೂ ಬೂದಿನೀರಿನ ಜೊತೆ ಹರಿದುಹೋಗಿದ್ದವು.

"ಅವತ್ತಿಂದ ಉಂಡ ಅನ್ನ ಮೈಗೆ ಹತ್ತಿಲ್ರಿ. ಗೀಚೋ ಹುಡುಗರಿಗೆ ಬೈತಿದ್ದೆ. ಅವರಿಗಿಂತ ಕಡೆ ಆದೆ" ಎನ್ನುತ್ತಾರೆ. ಕೇಳುವವರಿಗೂ ಸಂಕಟವಾಗುತ್ತದೆ. ಭಕ್ತಿಯಿಂದ ಮಾಡಿದ ತಪ್ಪಿಗೆ ಯಾರನ್ನು ಬೈಯುವುದು? ಈಗ ಅವರು ನೆಲವನ್ನಷ್ಟೇ ಗುಡಿಸುತ್ತಾರೆ. ಕಲ್ಲನ್ನು ತಾವೂ ಮುಟ್ಟುವುದಿಲ್ಲ, ಬಂದವರಿಗೂ ಮುಟ್ಟಗೊಡುವುದಿಲ್ಲ.

ಮೇಘನಾಗೆ ಪ್ರೀತಿಯವನೂ ಕೆಳಗಿನ ಮುನಿಯಪ್ಪನೇ. "ಅಜ್ಜೀ, ಇವ್ನ ಮೂಗೆಲ್ಲಿ?" ಎಂಬುದು ಅವಳ ದಿನದ ಪ್ರಶ್ನೆ. ಮಳೆಗೆ ಸವೆದುಹೋಯಿತು ಎಂದು ಅಜ್ಜಿ ಇಷ್ಟು ದಿನ ಸುಳ್ಳು ಹೇಳಿಕೊಂಡು ಬಂದಿದ್ದಾರೆ. ಇವತ್ತು ಯಾಕೋ ಮಗುವನ್ನು ಎದುರಿಗೆ ಕೂರಿಸಿಕೊಳ್ಳುತ್ತಾರೆ.

"ಮಳೆ ಅಲ್ಲವ್ವಾ. ನಾನೇ ತಿಕ್ಕಿ ತಿಕ್ಕಿ ಕಳೆದೆ."

"ನೋವಾತೇನು ಅವ್ನಿಗೆ?"

ವರದಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಇಷ್ಟು ಚಿಕ್ಕ ಮಗುವಿಗೆ ಇದನ್ನೆಲ್ಲ ಯಾಕೆ ಹೇಳಿದಿರಿ ಎಂದರೆ, ಮೇಲಿನ ಮೂರ್ತಿಗಳತ್ತ ಕತ್ತೆತ್ತುತ್ತಾರೆ.

"ಆ ಎಂಟು ನನ್ನ ಕೈಗೆ ಎಟುಕಲಿಲ್ಲ, ಅದಕ್ಕ ಉಳದಾವ. ಇವಳು ನನಗಿಂತ ಎತ್ತರ ಬೆಳೀತಾಳ್ರಿ. ಈಗ್ಲೇ ಹೇಳಬೇಕು."