ತ್ಯಾವದಾಗ ಒಣಗೂ ಬಣ್ಣ

ಆ ಬಟ್ಟಲು ಮರದ್ದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಪ್ಲಾಸ್ಟಿಕ್ ಅಂದೆ.

ತೊಂಬತ್ತರ ದಶಕದ ಮಾತು. ಬೈಲಹೊಂಗಲದ ನಮ್ಮ ಪಡಸಾಲೆಯಲ್ಲಿ ಅವತ್ತು ಅವ್ವ, ಅಣ್ಣ, ಹೊಸದಾಗಿ ಮನೆ ತುಂಬಿದ್ದ ವೈನಿ, ಅವರನ್ನು ಬಿಡಲು ಬಂದ ಅವರಪ್ಪ — ರಾಮದುರ್ಗದ ಬೀಗರು — ಮತ್ತೆ ನಾನು. ಬೀಗರು ಹರೆಯದಲ್ಲಿ ಮುಂಬೈಗೆ ಹೋಗಿ ಹಡಗಿನ ಇಂಜಿನ್ ಕೆಲಸ ಹಿಡಿದವರು. ಮಗಳಿಗೆಂದೇ ಕಾದಿಟ್ಟಿದ್ದ ಜಪಾನಿನ ಬಟ್ಟಲನ್ನು ಧೋತರದ ಚುಂಗಿನಿಂದ ಒರೆಸಿ ಅವ್ವನ ಮುಂದಿಟ್ಟರು. ಹೊರಗೆ ಕಪ್ಪು, ಒಳಗೆ ಕುಂಕುಮದ ಕೆಂಪು, ಕೈಗೆ ಹಗುರ.

"ವಾಜಿಮಾ ಅಂತ, ಕಡಲದಂಡಿ ಊರ್ರಿ ಅಕ್ಕಾರ. ಮರದ ಬಟ್ಟಲಕ್ಕ ಬಟ್ಟಿ ಅಂಟಿಸಿ, ಗಿಡದ ಹಾಲು ಬಳದು, ತಿಕ್ಕಿ, ಮತ್ತ ಬಳೀತಾರ. ಒಣಗಾಕ ಬಿಸಲ ಬ್ಯಾಡ್ರಿ, ತ್ಯಾವ ಬೇಕು."

"ತ್ಯಾವದಾಗ ಒಣಗತೈತ್ರಿ? ಹಂಗಾರ ನಮ್ಮ ಹಪ್ಪಳಾನೂ ಹೊಳ್ಯಾಗ ಒಣಹಾಕೂಣ ಬಿಡ್ರಿ ಬೀಗರ!"

ಅವ್ವನ ಮಾತಿಗೆ ಎಲ್ಲರೂ ನಕ್ಕರು. ಬೀಗರೂ ನಕ್ಕರು. ವೈನಿ ನಗಲಿಲ್ಲ.

ಅವರೆಲ್ಲ ಊಟಕ್ಕೆ ಕೂತಾಗ — ಯಾವ ಹುಚ್ಚೋ — ಸೂಜಿ ಕಾಯಿಸಿ ಬಟ್ಟಲಿನ ತಳಕ್ಕೆ ಒತ್ತಿದೆ. ಇಷ್ಟು ಹಗುರದ್ದು ಪ್ಲಾಸ್ಟಿಕ್ಕೇ ಇದ್ದೀತು, ಆದರೆ ಕರಗಬೇಕಲ್ಲ. ಕರಗಲಿಲ್ಲ. ಚಾಕುವಿನ ಮೊನೆಯಿಂದ ಕೆರೆದೆ. ಕಪ್ಪಿನಡಿ ಮಣ್ಣುಬಣ್ಣ, ಅದರಡಿ ಬಟ್ಟೆಯ ಎಳೆ, ಆಮೇಲೆ ಮರ... ಅವರು ಹೇಳಿದ್ದೆಲ್ಲ ಅಲ್ಲಿತ್ತು. ಗಾಯಕ್ಕೆ ಕಾಡಿಗೆ ತುಂಬಿ ಮುಚ್ಚಿಬಿಟ್ಟೆ.

ಬೀಗರು ಊರಿಗೆ ಹೊರಟ ಮೇಲೆ ಅವ್ವ ಕೇಳಿದಳು: "ನೀ ಸಾಲಿ ಕಲತಾಕಿ, ಹೇಳ ಶೋಭಾ. ಏನಿದು?"

ವೈನಿ ನನ್ನ ಮುಖವನ್ನೇ ನೋಡುತ್ತಿದ್ದರು. ನಿಜ ಹೇಳಿದರೆ, ಹೆಂಗ ಗೊತ್ತಾತು ಅಂತ ಕೇಳುತ್ತಾರೆ —

"ಪ್ಲಾಸ್ಟಿಕ್ ಬಿಡವಾ."

ಬಟ್ಟಲು ಹೊಸ್ತಿಲ ಪಕ್ಕದ ಗೂಡು ಸೇರಿತು, ರಂಗೋಲಿ ಪುಡಿ ಇಡಲಿಕ್ಕೆ. ಮುಂದಿನ ಸಲ ಬಂದಾಗ ಬೀಗರು ಅದನ್ನು ಕಂಡರು. ಅದಕ್ಕೆ ಬೆನ್ನು ಮಾಡಿ ಕೂತು ಚಾ ಕುಡಿದರು. ಎಷ್ಟು ಚೆಂದ ಹೇಳುತ್ತಿದ್ದರು — ಆ ಕಡಲೂರಿನ ಮುಂಜಾನೆಯ ಸಂತೆ, ಹಿಮದಲ್ಲೇ ಕೂತು ಮೀನು ಮಾರುವ ಮುದುಕಿಯರು, ಸನ್ನೆಯಲ್ಲೇ ನಡೆಯುವ ಚೌಕಾಸಿ... ಆಮೇಲೆ ನಮ್ಮ ಮನೆಯಲ್ಲಿ ಅವರು ಹಡಗಿನ ಸುದ್ದಿ ಎತ್ತಲೇ ಇಲ್ಲ.

ಅವರು ತೀರಿಕೊಂಡ ವರ್ಷ, ಶೀಗಿಹುಣ್ಣಿಮೆಗೆ ಸವದತ್ತಿಯಿಂದ ತವರಿಗೆ ಹೋದೆ. ಗೂಡಿನಿಂದ ಬಟ್ಟಲು ತಂದು, ಪುಡಿ ಸುರುವಿ, ಅವ್ವ-ವೈನಿ ಇಬ್ಬರ ಮುಂದೆಯೂ ಬೋರಲು ಹಾಕಿದೆ. ಕಾಡಿಗೆ ಒರೆಸಿದೆ.

"ಇದು ಮರಾನ ಐತಿ. ನನಗ ಅವತ್ತ ಗೊತ್ತಿತ್ತು."

ಅವ್ವ ಸುರುವಿದ ಪುಡಿಯನ್ನು ಅಂಗೈಯಿಂದ ಗುಡ್ಡೆ ಮಾಡತೊಡಗಿದಳು. ವೈನಿ ಆ ಬಟ್ಟೆಯ ಎಳೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಅಪ್ಪಾರು ಇದ್ದಾಗ ಹೇಳಬೇಕಿತ್ತಲ್ಲ, ಶೋಭಾ."



ಮರುದಿನ ಬೀಗರ ಫೋಟೋದ ಮುಂದೆ, ತೊಳೆದ ಆ ಬಟ್ಟಲಿನಲ್ಲಿ, ವೈನಿ ಗೋಧಿಹುಗ್ಗಿಯ ಎಡೆ ಇಟ್ಟಿದ್ದರು.