ಹ್ಯಾಂಡ್‌ಬ್ರೇಕ್ ಹಾಕದ ಕಾರು

ನಿಮ್ಮ ಕಾರನ್ನು ಯಾರೂ ಕದ್ದಿಲ್ಲ. ನಾನೇ ಕಳಿಸಿಬಿಟ್ಟೆ. ಹಾಡಹಗಲು ಹನ್ನೊಂದು ಗಂಟೆಗೆ, ನೀವು ಊರಿಗೆ ಹೋಗಿದ್ದಾಗ, ಕುರ್ಲಾದ ಒಬ್ಬ ಗುಜರಿಯವನಿಗೆ.

ಇಷ್ಟು ಬರೆಯಲು ನನಗೆ ಒಂಬತ್ತು ವರ್ಷ ಬೇಕಾಯಿತು. ಈಗಲೂ ಬರೆಯುತ್ತಿರುವುದು ಧೈರ್ಯ ಬಂದು ಅಲ್ಲ, ಹೆದರಿಕೆಯಿಂದ. ಇವತ್ತು ಹತ್ತು ಗಂಟೆಗೆ ನೀವು ಮಲಾಡಿಗೆ ಹೊರಡುತ್ತೀರಿ. ನಮ್ಮ ಬಿಲ್ಡಿಂಗಿನ ಹಳೆಯ ವಾಚ್‌ಮನ್ ಎಲ್ಲಪ್ಪ ಅಲ್ಲಿನ ಒಂದು ಸೊಸೈಟಿಯ ಗೇಟಿನಲ್ಲಿದ್ದಾನೆ ಎಂದು ನಿಮಗೆ ಯಾರೋ ಹೇಳಿದ್ದಾರೆ. ಗುರುವಾರ ಊಟಕ್ಕೆ ಕೂತಾಗ ನೀವು ಆ ಮಾತು ತೆಗೆದಿರಿ. ನಾನು ಸಾರು ಬಡಿಸುತ್ತಿದ್ದೆ.

"ಕಾರು ಹೋದದ್ದು ಹೋಯ್ತು ಮಾರಾಯ್ತಿ," ಎಂದಿರಿ. "ಆದ್ರೆ ಅವ ನನ್ನತ್ರ ಸುಳ್ಳು ಹೇಳಿದ ಅಲ್ವಾ, ಅದು ನಂಗೆ ಆಗೂದಿಲ್ಲ. ಒಮ್ಮೆ ಮುಖ ನೋಡಿ ಕೇಳ್ಬೇಕು."

ಸುಳ್ಳು ಹೇಳಿದವಳು ನಿಮ್ಮ ಎದುರೇ ಸೌಟು ಹಿಡಿದು ನಿಂತಿದ್ದಳು.

ಆ ಕಾರು ನನಗೂ ಪ್ರೀತಿಯದೇ ಆಗಿತ್ತು, ನಂಬುತ್ತೀರೋ ಇಲ್ಲವೋ. ಗ್ರಾಂಟ್ ರೋಡಿನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಹದಿನಾಲ್ಕು ವರ್ಷ ಕೂತು ನೀವು ಕೊಂಡ ಕಾರು. ಕೆನೆ ಬಣ್ಣ, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕೆ. ಮಗಳು ಸುಮಾಳನ್ನು ಹೆರಿಗೆ ಆಸ್ಪತ್ರೆಯಿಂದ ಆಂಟಾಪ್ ಹಿಲ್ಲಿನ ನಮ್ಮ ಮನೆಗೆ ಕರೆತಂದದ್ದು ಅದರಲ್ಲೇ. ನೀವು ಎಷ್ಟು ಮೆಲ್ಲಗೆ ಬಿಟ್ಟಿರೆಂದರೆ ಹಿಂದಿನ ಬಸ್ಸಿನವನು ನಮ್ಮ ಇಡೀ ವಂಶವನ್ನು ಬಯ್ದ. ಪ್ರತಿ ಮೇ ತಿಂಗಳು ಎರಡು ದಿನದ ದಾರಿ ಉಡುಪಿಗೆ. ಘಟ್ಟದಲ್ಲಿ ಇಂಜಿನ್ ಬಿಸಿಯಾದರೆ ಬಾನೆಟ್ ತೆರೆದಿಟ್ಟು ನಾವು ಚಿತ್ರಾನ್ನ ತಿನ್ನುತ್ತಿದ್ದೆವು. ಆ ಸೀಟಿನ ರೆಕ್ಸಿನ್ ಬಿಸಿಲಿಗೆ ಕಾದಾಗ ಒಂದು ವಾಸನೆ ಬರುತ್ತಿತ್ತು. ಈಗಲೂ ಹಳೆಯ ಸೂಟ್‌ಕೇಸ್ ತೆರೆದಾಗ ಒಮ್ಮೊಮ್ಮೆ ಆ ವಾಸನೆ ಬಂದ ಹಾಗಾಗುತ್ತದೆ, ಕಣ್ಣು ತುಂಬುತ್ತದೆ. ನೀವು ಕೇಳಿದರೆ ನುಸಿಗುಳಿಗೆಯ ಘಾಟು ಎನ್ನುತ್ತೇನೆ.

ಆಮೇಲೆ ನಿಮ್ಮ ಕಣ್ಣು — ಗ್ಲಾಕೋಮಾ. ಎದುರಿನದು ಕಾಣುತ್ತದೆ, ಬದಿಯದು ಕಾಣುವುದಿಲ್ಲ, ಡ್ರೈವಿಂಗ್ ಬಿಟ್ಟುಬಿಡಿ ಎಂದರು ಡಾಕ್ಟರು. ನೀವು ನಕ್ಕಿರಿ. "ರೋಡು ಎದುರಿಗಲ್ವಾ ಇರೂದು? ಬದಿ ನೋಡ್ಲಿಕ್ಕೆ ನೀನಿದ್ದಿ ಅಲ್ಲ."

ಹೌದು, ನಾನಿದ್ದೆ. ಎಡಗಡೆ ಬೈಕು, ಬಲಗಡೆ ರಿಕ್ಷಾ, ಎಡಗಡೆ ಮುದುಕಿ ಎಂದು ಹೇಳುತ್ತಾ ಜೀವ ಕೈಯಲ್ಲಿ ಹಿಡಿದು ಎರಡು ವರ್ಷ ಕೂತೆ. ಒಂದು ದಿನ ಸಾಯನ್ ಹತ್ತಿರ, ಶಾಲೆ ಬಿಡುವ ಹೊತ್ತು, ಎಡಗಡೆಯ ಫುಟ್‌ಪಾತಿನಿಂದ ಒಬ್ಬಳು ಹುಡುಗಿ ಇಳಿದಳು. ಕೊರಳಲ್ಲಿ ನೀರಿನ ಬಾಟಲಿ. ನಾನು ಕಿರುಚಿದೆ, ನೀವು ಬ್ರೇಕ್ ಒತ್ತಿದಿರಿ. ಬಂಪರು ಅವಳ ಚೀಲಕ್ಕೆ ತಾಗಿ ನಿಂತಿತು. ಅವಳು ನಮ್ಮನ್ನು ನೋಡಿ ದಾಟಿ ಹೋದಳು. ನೀವು ನನ್ನ ಕಡೆ ತಿರುಗಿ, "ಎಂತದು? ಯಾಕೆ ಕಿರುಚಿದ್ದು?" ಎಂದು ಕೇಳಿದಿರಿ.

ನೀವು ಅವಳನ್ನು ನೋಡಿರಲೇ ಇಲ್ಲ.

ಆವತ್ತಿನಿಂದ ಕಣ್ಣು ಮುಚ್ಚಿದರೆ ಆ ಬಾಟಲಿ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ಆದರೂ ಕಾರು ಬಿಡಿ ಎಂದು ನಿಮ್ಮ ಮುಖ ನೋಡಿ ಹೇಳಲಿಲ್ಲ. ನಿಮ್ಮ ಸಿಟ್ಟಿಗೆ ಹೆದರಿದೆ. ಇಲ್ಲ, ಸಿಟ್ಟಿಗೂ ಅಲ್ಲ, ಕೀ ಕೆಳಗಿಟ್ಟು ಸುಮ್ಮನೆ ಕೂರುವ ನಿಮ್ಮ ಮುಖಕ್ಕೆ… ಹೇಗೆ ಹೇಳಲಿ.

ನಾಗನ ಪೂಜೆಗೆಂದು ನೀವು ನಾಲ್ಕು ದಿನ ಊರಿಗೆ ಹೋದಿರಿ. ಮಂಡಿನೋವು ಎಂದು ನಾನು ಇಲ್ಲೇ ಉಳಿದೆ. ಅದು ಮೊದಲ ಸುಳ್ಳು.

ನಮ್ಮ ಕಂಪೌಂಡಿನ ಪದ್ಧತಿ ನಿಮಗೆ ಗೊತ್ತಲ್ಲ. ಜಾಗ ಇಕ್ಕಟ್ಟು, ಒಂದರ ಹಿಂದೆ ಒಂದು ಕಾರು. ಹಿಂದಿನವರು ಹೊರಡಬೇಕಾದರೆ ತಳ್ಳಲಿ ಎಂದು ಎಲ್ಲರೂ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಹಾಕದೆ ನಿಲ್ಲಿಸುತ್ತಾರೆ. ಊರಿಗೆ ಹೋಗುವಾಗಲೂ ನೀವು ಹಾಗೇ ನಿಲ್ಲಿಸಿ ಹೋಗಿದ್ದಿರಿ, ಯಾರಿಗೂ ತೊಂದರೆಯಾಗಬಾರದೆಂದು. ಕಾರು ತಳ್ಳುವವರನ್ನು ನಮ್ಮಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಇದನ್ನೆಲ್ಲ ನಾನು ಮೊದಲೇ ಯೋಚಿಸಿದ್ದೆ. ಯೋಚಿಸಿದ್ದೆ ಎಂದು ಬರೆಯುವಾಗ ನನಗೆ ನನ್ನದೇ ಭಯವಾಗುತ್ತದೆ.

ನೋಡಬಹುದಾದವನು ಎಲ್ಲಪ್ಪ ಒಬ್ಬನೇ. ಮಾಟುಂಗಾ ಮಾರ್ಕೆಟ್ಟಿನಿಂದ ಬಾಳೆಎಲೆ ತಂದುಕೊಡು ಎಂದು ಅವನನ್ನು ಕಳಿಸಿದೆ. "ಗೇಟ್ ಬಿಟ್ಟು ಹ್ಯಾಂಗ ಹೋಗ್ಲಿರಿ ಅಕ್ಕಾರ?" ಎಂದ. ನಾನು ನೋಡಿಕೊಳ್ಳುತ್ತೇನೆ ಎಂದೆ. ಅವನ ಸೈಕಲ್ಲು ತಿರುವು ದಾಟಿದ್ದೇ ಗುಜರಿಯವನ ಇಬ್ಬರು ಆಳುಗಳು ಬಂದರು. ಮನೆಯಲ್ಲಿದ್ದ ಇನ್ನೊಂದು ಕೀಯಿಂದ ಬಾಗಿಲು ತೆಗೆದು, ನಾನು ಡ್ಯಾಶ್‌ಬೋರ್ಡಿನ ಮೇಲಿದ್ದ ಸಣ್ಣ ಕೃಷ್ಣನನ್ನು ಮಾತ್ರ ಕಿತ್ತುಕೊಂಡೆ. ಅವರು ತಳ್ಳಿದರು. ನಿಮ್ಮ ಕಾರು ಸದ್ದೇ ಮಾಡದೆ ಹೋಯಿತು. ಸ್ವಲ್ಪವಾದರೂ ಹಟ ಮಾಡಬಹುದಿತ್ತು ಅದು.

ನೀವು ಬಂದಿರಿ. ಪೊಲೀಸ್ ಕಂಪ್ಲೇಂಟ್ ಆಯಿತು. ನಾನು ಸ್ನಾನಕ್ಕೆ ಹೋಗಿದ್ದೆ, ಏನೂ ಗೊತ್ತಿಲ್ಲ ಎಂದೆ. ಸೊಸೈಟಿಯ ಮೀಟಿಂಗಿನಲ್ಲಿ ಸೆಕ್ರೆಟರಿ ಎಲ್ಲಪ್ಪನನ್ನು ಎಲ್ಲರ ಎದುರು ನಿಲ್ಲಿಸಿ, "ಗೇಟ್ ಛೋಡ್‌ಕೆ ಕಹಾಂ ಗಯಾ ಥಾ?" ಎಂದರು, ಗೇಟು ಬಿಟ್ಟು ಎಲ್ಲಿಗೆ ಹೋಗಿದ್ದೆ ಎಂದು. ಅವನು ನನ್ನನ್ನು ನೋಡಿದ. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದೆ. ಒಂದು ಮಾತು, ಒಂದೇ ಒಂದು ಮಾತು ಸಾಕಿತ್ತು. ನಾನು ಸೆರಗನ್ನು ಇನ್ನೊಂದು ಸುತ್ತು ಸುತ್ತಿದೆ.

"ಚಾಯ್ ಪೀನೆ ಗಯಾ ಥಾ ಸಾಬ್," ಎಂದ ಅವನು.

ಚಹಾ ಕುಡಿಯಲು ಹೋಗಿದ್ದೆ ಎಂದು ಯಾಕೆ ಹೇಳಿದ, ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತೇ ಕೆಲಸದಿಂದ ತೆಗೆದರು. ನೀವು ಅವನನ್ನು ಕಳ್ಳರ ಜೊತೆಗಾರ ಎಂದು ಕರೆದಿರಿ. ತಲೆ ತಗ್ಗಿಸಿ ಕೇಳಿಸಿಕೊಂಡ. ಅವನು ಟ್ರಂಕು ಹೊತ್ತು ಹೋಗುವಾಗ ನಾನು ಮೆಟ್ಟಿಲ ಬಳಿ ಇದ್ದೆ. ನಿಂತ. ಬಯ್ಯುತ್ತಾನೆ, ಈಗ ಎಲ್ಲ ಕೂಗಿ ಹೇಳುತ್ತಾನೆ ಎಂದು ಗೋಡೆ ಹಿಡಿದುಕೊಂಡೆ.

"ಅಕ್ಕಾರ," ಎಂದ ಮೆಲ್ಲಗೆ, "ಬಾಳಿ ಎಲಿ ಚಲೋ ಇದ್ದುವಿಲ್ರಿ?"

ಅಷ್ಟೇ. ಅವನಿಗೆ ಗೊತ್ತಿತ್ತು. ಆ ಎಲೆಗಳನ್ನು ನಾನು ಬಳಸಲಿಲ್ಲ, ಒಣಗುವವರೆಗೆ ಇಟ್ಟು ಎಸೆದೆ. ಬಿಜಾಪುರದ ಕಡೆಯ ಅವನ ಮನೆಯಲ್ಲಿ ಎಷ್ಟು ಜನರಿದ್ದರು, ಕೆಲಸ ಹೋದ ಮೇಲೆ ಏನು ತಿಂದರು, ಇದನ್ನು ಕೇಳಿಕೊಳ್ಳುವ ಧೈರ್ಯವೂ ನನಗೆ ಇರಲಿಲ್ಲ. ಬೆಲ್ ಹೊಡೆದಾಗಲೆಲ್ಲ ಅವನೇ ಬಂದನೇನೋ ಎಂದು ಹೆದರಿದೆ. ಪಕ್ಕದ ಬೀದಿಯಲ್ಲಿ ಯಾರೋ "ಅಕ್ಕಾರ" ಎಂದರೆ ತರಕಾರಿ ಚೀಲ ಹಿಡಿದು ಓಡಿದ್ದೇನೆ, ಈ ವಯಸ್ಸಿನಲ್ಲಿ.

ಬಾಟಲಿಯ ಆ ಹುಡುಗಿಯ ನೆಪ ಹೇಳಿ ನಾನು ಪಾರಾಗುವುದಿಲ್ಲ. ಅವಳು ಬದುಕಿದ್ದು ನಾನು ಕಿರುಚಿದ್ದರಿಂದ. ಅದೇ ಗಂಟಲಿನಿಂದ ನಿಮ್ಮ ಹತ್ತಿರವೂ ಕಿರುಚಬಹುದಿತ್ತು, ಮೀಟಿಂಗಿನಲ್ಲೂ ಮಾತಾಡಬಹುದಿತ್ತು. ನಿಮ್ಮ ಕಾರನ್ನು ಕಳೆದೆ, ಎಲ್ಲಪ್ಪನ ಅನ್ನವನ್ನೂ ಕಳೆದೆ. ಕಾರಿನ ಕೀ ಇನ್ನೂ ನಿಮ್ಮ ಅಂಗಿಯ ಜೇಬಿನಲ್ಲಿರುತ್ತದೆ. ಒಗೆಯಲು ಹಾಕುವ ಮುನ್ನ ನಾನೇ ತೆಗೆದು, ಒಣಗಿದ ಮೇಲೆ ನಾನೇ ಮತ್ತೆ ಹಾಕಿಡುತ್ತೇನೆ.

ಬಾತ್‌ರೂಮಿನಲ್ಲಿ ನೀರು ನಿಂತಿತು. ನಿಮ್ಮ ಗುನುಗು ಕೇಳುತ್ತಿದೆ. ಇದೊಂದು ಕಾಗದ ಹರಿದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ಮಲಾಡಿನಲ್ಲೂ ಅವನು ಚಹಾಕ್ಕೆ ಹೋಗಿದ್ದೆ ಎಂದೇ ಹೇಳುತ್ತಾನೆ, ನನಗೆ ಗೊತ್ತು. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವುದು.

ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಸೀರೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದ ಕೃಷ್ಣನನ್ನು ಇದರ ಮೇಲೆ ಇಡುತ್ತೇನೆ. ಚಪ್ಪಲಿ ಹಾಕಿ ಬಾಗಿಲ ಬಳಿ ನಿಂತಿರುತ್ತೇನೆ. ನೀವು ಜೊತೆಗೆ ಬರಲಿಲ್ಲವಾದರೆ ಒಬ್ಬಳೇ ಲೋಕಲ್ ಹಿಡಿದು ಮಲಾಡಿಗೆ ಹೋಗುತ್ತೇನೆ. ಅಲ್ಲಿ ಗೇಟಿನ ಎದುರು ಮೊದಲು ನಾನು ಮಾತಾಡುತ್ತೇನೆ. ಕಾಗದವನ್ನು ನಿಮ್ಮ ಕಾಫಿ ಲೋಟದ ಎದುರಿಗೇ ಇಡುತ್ತೇನೆ. ಬದಿಗೆ ಇಟ್ಟರೆ ನಿಮಗೆ ಕಾಣುವುದಿಲ್ಲ.